ಸೊಸೈಟಿಗೆ ಹೊಸ ಸಾಫ್ಟ್‌ವೇರ್ ಬಂತು, ಲೆಡ್ಜರ್ ಬಿಡಲು ಯಾರೂ ತಯಾರಿಲ್ಲ. ಏನು ಮಾಡಲಿ?

ಅಡಿಕೆಸೀಮೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ, ಊರಿನ ಹೆಸರು ಬೇಡ. ಬೆಳೆಸಾಲ, ಠೇವಣಿ, ಪಿಗ್ಮಿ, ಗೊಬ್ಬರ, ಪಡಿತರ ಎಲ್ಲ ನಮ್ಮಲ್ಲೇ ಇದೆ. ಬಿ.ಕಾಂ. ಮುಗಿಸಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದೆ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಅದನ್ನು ಜಾರಿಗೆ ತರುವ ಕೆಲಸವೂ ನನ್ನ ತಲೆಗೇ ಬಂತು.

ಈಗಿನ ಪರಿಸ್ಥಿತಿ ಹೀಗಿದೆ. ತರಬೇತಿ ಕೊಡಲು ಬೆಂಗಳೂರಿನಿಂದ ಇಬ್ಬರು ಬಂದಿದ್ದರು. ಪ್ರೊಜೆಕ್ಟರ್ ಹಾಕಿ ಇಂಗ್ಲಿಷ್ ಸ್ಲೈಡ್ ತೋರಿಸಿದರು, ಎಲ್ಲರೂ ತಲೆಯಾಡಿಸಿದರು, ಊಟ ಮಾಡಿ ಅವರು ಹೊರಟರು. ಮಾರನೇ ದಿನ ಬೆಳಿಗ್ಗೆ ಎಲ್ಲರೂ ಮತ್ತೆ ಲೆಡ್ಜರ್ ಬಿಚ್ಚಿ ಕೂತರು. ಆವತ್ತಿನಿಂದ ಇದೇ ಕ್ರಮ. ಹಗಲು ಕೌಂಟರಿನಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ, ಸಂಜೆ ನಾಲ್ಕೂವರೆ ಮೇಲೆ ವೋಚರ್ ಕಟ್ಟು ನನ್ನ ಮೇಜಿಗೆ ಬರುತ್ತದೆ, ನಾನೊಬ್ಬಳೇ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಹೊಡೆಯುತ್ತೇನೆ. ಆಡಳಿತ ಮಂಡಳಿಗೆ ಹೋಗುವ ವರದಿಯಲ್ಲಿ ಮಾತ್ರ "ಸಂಘ ಗಣಕೀಕೃತವಾಗಿದೆ" ಅಂತ ಇದೆ.

ನಮ್ಮ ಹಿರಿಯ ಗುಮಾಸ್ತರ ಬಗ್ಗೆ ಹೇಳಲೇಬೇಕು. ಕೆಟ್ಟವರಲ್ಲ. ಲೆಕ್ಕ ಅಂದರೆ ಏನು ಅಂತ ನನಗೆ ಕಲಿಸಿದವರೇ ಅವರು. ಒಂದೇ ಹೆಸರಿನ ಸದಸ್ಯರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ, ಗಣಪತಿ ಅನ್ನುವವರೇ ಒಂದು ಪುಟ ತುಂಬುತ್ತಾರೆ. ಅವರ ಲೆಡ್ಜರಿನಲ್ಲಿ ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ "ಕೆಳಗಿನಮನೆ", "ಹೊಳೆಬದಿ", "ಮೇಷ್ಟ್ರ ಮಗ" ಅಂತ ಇರುತ್ತದೆ. ಅವರು ಕಣ್ಣು ಹಾಯಿಸುವಷ್ಟರಲ್ಲಿ ಖಾತೆ ಸಿಗುತ್ತದೆ. ಸಾಫ್ಟ್‌ವೇರಿನಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿದೆ. ಒಬ್ಬ ಗಣಪತಿಗೆ ಬರೀ ಟಿ, ಇನ್ನೊಬ್ಬರಿಗೆ ಟಿ ಜೊತೆ ಎಚ್. ಒಂದು ರೀತಿ ಹುಡುಕಿದರೆ ಅರ್ಧ ಜನ ಸಿಗುವುದೇ ಇಲ್ಲ. ಕೌಂಟರಿನಲ್ಲಿ ಆರು ಜನ ನಿಂತಿರುವಾಗ ಇದನ್ನು ಮಾಡಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ? "ನೀನು ಹೊಡ್ಕೋಮ್ಮ, ನಾನು ಬರೀತೀನಿ" ಅನ್ನುತ್ತಾರೆ.

ಸಿಇಒ ಅವರು ಮೀಟಿಂಗಿನಲ್ಲಿ "ಇನ್ನು ಮುಂದೆ ಎಲ್ಲ ಕಂಪ್ಯೂಟರಿನಲ್ಲೇ" ಅನ್ನುತ್ತಾರೆ. ಹೊರಗೆ ಬಂದು ಯಾರದ್ದಾದರೂ ಬಾಕಿ ನೋಡಬೇಕಾದರೆ ಮೊದಲು ಕೇಳುವುದು ಲೆಡ್ಜರನ್ನೇ.

ನನ್ನ ಪ್ರಶ್ನೆ: ಲೆಡ್ಜರ್ ಬರೆಯುವುದನ್ನು ಒಂದು ದಿನ ಪೂರ್ತಿ ನಿಲ್ಲಿಸಿಬಿಡಬೇಕಾ? ಇನ್ನೊಂದು ತರಬೇತಿ ಕೇಳಬೇಕಾ? ಅಥವಾ ನಾನು ಬೇರೆ ಏನನ್ನೋ ನೋಡಬೇಕಾ? ಇಂಥದ್ದನ್ನು ಹತ್ತಿರದಿಂದ ಕಂಡವರು ದಯವಿಟ್ಟು ಹೇಳಿ.

---

ಹಳೇ ಶಿರಸ್ತೇದಾರ

ನೋಡಮ್ಮ, ನಾನು ಕಂದಾಯ ಇಲಾಖೆಯಿಂದ ನಿವೃತ್ತ. ಪಹಣಿಯನ್ನು, ಅಂದರೆ ಜಮೀನಿನ ದಾಖಲೆಯನ್ನು, ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ಬಂದಾಗ ತಾಲೂಕು ಕಚೇರಿಯಲ್ಲಿದ್ದೆ. ನಿನ್ನ ಮೊದಲ ಪ್ರಶ್ನೆಗೆ ಅದರಲ್ಲಿ ಉತ್ತರ ಇದೆ ಅನ್ನಿಸಿ ಬರೆಯುತ್ತಿದ್ದೇನೆ.

ಆಗ ಪಹಣಿ ಪುಸ್ತಕ ಗ್ರಾಮ ಲೆಕ್ಕಾಧಿಕಾರಿ ಹತ್ತಿರ ಇರುತ್ತಿತ್ತು. ರೈತನಿಗೆ ಪಹಣಿ ಬೇಕಂದರೆ ಅವರನ್ನು ಹುಡುಕಿಕೊಂಡು ಹೋಗಬೇಕು, ಅವರು ಸಿಗಬೇಕು, ಕೈಯಲ್ಲಿ ಬರೆದುಕೊಡಬೇಕು. ಅದನ್ನು ಕಂಪ್ಯೂಟರಿಗೆ ತಂದಾಗ 177 ತಾಲೂಕು, ಸುಮಾರು 67 ಲಕ್ಷ ಹಿಡುವಳಿದಾರರು, ಹತ್ತಿರ ಹತ್ತಿರ 2 ಕೋಟಿ ಪಹಣಿ. ನಿಮ್ಮ ಸೊಸೈಟಿಗಿಂತ ದೊಡ್ಡದು ಅಂತ ಹೇಳಲು ಇದನ್ನು ಬರೆಯಲಿಲ್ಲ. ಅಷ್ಟು ದೊಡ್ಡದಾಗಿದ್ದರೂ ಜನ ಹಳೆಯದಕ್ಕೆ ವಾಪಸ್ ಹೋಗಲಿಲ್ಲ, ಯಾಕೆ ಅನ್ನುವುದು ಮುಖ್ಯ.

ಒಂದು ಕಾರಣ ಎಲ್ಲರಿಗೂ ಗೊತ್ತು. ಒಂದು ತಾಲೂಕಿನಲ್ಲಿ ಗಣಕೀಕೃತ ಪಹಣಿ ಶುರುವಾದ ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಆಯಿತು. ಎರಡೂ ನಡೆಯಲಿ ಅಂದಿದ್ದರೆ ಇವತ್ತಿಗೂ ಎರಡೂ ನಡೆಯುತ್ತಿತ್ತು.

ಆದರೆ ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡಿದ್ದು ಇನ್ನೊಂದು. ಕೌಂಟರಿನಲ್ಲಿ ಎರಡು ಪರದೆ ಇಟ್ಟರು. ಒಂದು ಆಪರೇಟರ್ ಕಡೆಗೆ, ಒಂದು ರೈತನ ಕಡೆಗೆ. 15 ರೂಪಾಯಿ ಕೊಟ್ಟು ನಿಂತ ರೈತ ತನ್ನ ಸರ್ವೆ ನಂಬರ್ ಬರುವುದನ್ನು, ತನ್ನ ಹೆಸರು ಬರುವುದನ್ನು ತಾನೇ ನೋಡುತ್ತಿದ್ದ. ಓದಲು ಬಾರದವರೂ ಪಕ್ಕದವರನ್ನು ಕೇಳಿ ಓದಿಸಿಕೊಳ್ಳುತ್ತಿದ್ದರು. ಹೆಸರು ತಪ್ಪಿದ್ದರೆ ಅಲ್ಲೇ ಹೇಳುತ್ತಿದ್ದರು. ಸಿಬ್ಬಂದಿ ಕಂಪ್ಯೂಟರ್ ವ್ಯವಸ್ಥೆಯ ಒಳಗೆ ಹೋಗಲು ಬೆರಳಿನ ಗುರುತು ಕೊಡಬೇಕಿತ್ತು, ಆದ್ದರಿಂದ ಯಾರು ಏನು ಮಾಡಿದರು ಅನ್ನುವುದು ಉಳಿಯುತ್ತಿತ್ತು. ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿ ಬಂದ ಸರದಿಯಲ್ಲೇ ಹೋಗಬೇಕು, ಮಧ್ಯೆ ಒಬ್ಬರದ್ದನ್ನು ಎತ್ತಿ ಮುಂದೆ ಹಾಕುವ ಹಾಗಿಲ್ಲ. ಒಟ್ಟಿನಲ್ಲಿ ಯಂತ್ರ ಬಂದದ್ದು ರೈತನಿಗೆ ಕಾಣಿಸಿತು. ನಿನ್ನ ಸೊಸೈಟಿಯಲ್ಲಿ ಸಾಫ್ಟ್‌ವೇರ್ ಬಂದದ್ದು ಸದಸ್ಯನಿಗೆ ಕಂಡಿದೆಯಾ? ಸಂಜೆ ನಾಲ್ಕೂವರೆ ಮೇಲೆ ಬಾಗಿಲು ಹಾಕಿಕೊಂಡು ನಡೆಯುವ ಕೆಲಸ ಅದು, ಯಾರಿಗೆ ಕಾಣಬೇಕು?

ಇನ್ನು ಹಳೆಯ ನೌಕರರ ವಿಷಯ. ದಾಖಲೆ ಕಂಪ್ಯೂಟರಿಗೆ ಹೋದ ಮೇಲೆ ಪ್ರಿಂಟ್ ತೆಗೆದು ಗ್ರಾಮ ಲೆಕ್ಕಾಧಿಕಾರಿಗಳ ಕೈಗೇ ಕೊಟ್ಟು ಪರಿಶೀಲನೆ ಮಾಡಿಸಿದರು. ಆ ಊರಿನ ಜಮೀನು ಗೊತ್ತಿದ್ದವರು ಅವರೇ ತಾನೇ? ನಿಮ್ಮ ಗುಮಾಸ್ತರನ್ನು ಪರದೆ ಮುಂದೆ ಕೂರಿಸುವ ಮೊದಲು ಪ್ರಿಂಟ್ ತೆಗೆದು ಅವರ ಮುಂದಿಡು. ಆ ಪೆನ್ಸಿಲ್ ಟಿಪ್ಪಣಿ ಎಲ್ಲವನ್ನೂ ಅವರಿಂದಲೇ ಪಟ್ಟಿಗೆ ಸೇರಿಸು. "ಕೆಳಗಿನಮನೆ" ಅಂತ ಹುಡುಕಿದರೆ ಸಿಗಬೇಕು.

ಒಂದು ಎಚ್ಚರಿಕೆ ಕೂಡ ಹೇಳಬೇಕು. ಪುಸ್ತಕದಲ್ಲಿದ್ದ ಹಳೆಯ ಗೊಂದಲ ಹಾಗೇ ಕಂಪ್ಯೂಟರಿಗೆ ಬಂದರೆ ಅದು ತಾನಾಗಿ ಸರಿಹೋಗುವುದಿಲ್ಲ. ಪಹಣಿಯ ಕಾಲಂ 3ರಲ್ಲಿರುವ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಕಾಲಂ 9ರಲ್ಲಿರುವ ಮಾಲೀಕರ ವಿಸ್ತೀರ್ಣ ತಾಳೆಯಾಗುವುದಿಲ್ಲ ಅಂತ ತಿದ್ದುಪಡಿಗೆ ಓಡಾಡುವ ರೈತರನ್ನು ಈಗಲೂ ನೋಡುತ್ತೀಯ. ಪುಸ್ತಕದಲ್ಲಿದ್ದಾಗ ಯಾರಾದರೂ ವಿವರಿಸುತ್ತಿದ್ದರು, ಪಹಣಿ ಕೊಟ್ಟು ಕಳಿಸುತ್ತಿದ್ದರು. ಕಂಪ್ಯೂಟರಿನಲ್ಲಿ ಅದೇ ತಪ್ಪು ಗಟ್ಟಿಯಾಗಿ ಕೂತುಬಿಡುತ್ತದೆ.

---

ಇಆರ್‌ಪಿ ಹುಬ್ಬಳ್ಳಿ

ಶಿರಸ್ತೇದಾರ್ ಸರ್ ಹೇಳಿದ್ದರಲ್ಲಿ ಬಹಳಷ್ಟು ಒಪ್ಪುತ್ತೇನೆ. ಒಂದು ಮಾತ್ರ ಒಪ್ಪಲ್ಲ. ಸರ್ಕಾರ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂದರೆ ಮುಗಿಯಿತು, ಬೇರೆ ದಾರಿ ಇರಲ್ಲ. ಸೊಸೈಟಿಯಲ್ಲಿ ಲೆಡ್ಜರ್ ಬೀಗ ಹಾಕಿಟ್ಟರೆ ಜನ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಇದನ್ನು ನಾನು ಸಕ್ಕರೆ ಕಾರ್ಖಾನೆಯಲ್ಲೂ ನೋಡಿದ್ದೇನೆ, ಬಟ್ಟೆ ಅಂಗಡಿಯಲ್ಲೂ ನೋಡಿದ್ದೇನೆ.

ಮೇಡಂ, ನೀವು ಮಾಡುತ್ತಿರುವುದು ಎರಡೂ ವ್ಯವಸ್ಥೆ ಜೊತೆಗೆ ನಡೆಸುವುದಲ್ಲ. ಅದು ಬರೀ ಡೇಟಾ ಎಂಟ್ರಿ. ಜೊತೆಗೆ ನಡೆಸುವುದು ಅಂದರೆ ಕೌಂಟರಿನಲ್ಲಿ ಕೂತವರೇ ವ್ಯವಹಾರ ಆದ ಹೊತ್ತಿಗೇ ಕಂಪ್ಯೂಟರಿಗೆ ಹಾಕಬೇಕು, ಪುಸ್ತಕಕ್ಕೂ ಬರೆಯಬೇಕು, ಸಂಜೆ ಎರಡೂ ಕಡೆಯ ನಗದು ಶಿಲ್ಕು ತಾಳೆ ನೋಡಬೇಕು. ಇದು ಎರಡು ಪಟ್ಟು ಕೆಲಸ, ಹಾಗಾಗಿ ಇದಕ್ಕೆ ಒಂದು ಕೊನೆಯ ದಿನ ಮೊದಲೇ ಗೊತ್ತಿರಬೇಕು. ಕೊನೆ ಇಲ್ಲದಿದ್ದರೆ ಜನ ಕಂಪ್ಯೂಟರನ್ನೇ ಬಿಡುತ್ತಾರೆ, ಪುಸ್ತಕವನ್ನು ಬಿಡುವುದಿಲ್ಲ.

ಎಲ್ಲ ವಿಭಾಗ ಒಟ್ಟಿಗೆ ಬೇಡ. ಪಿಗ್ಮಿ ಮತ್ತು ಉಳಿತಾಯ ಮೊದಲು, ಆಮೇಲೆ ಗೊಬ್ಬರ, ಬೆಳೆಸಾಲ ಕೊನೆಗೆ. ಬೆಳೆಸಾಲದಲ್ಲಿ ಗಡುವಿನೊಳಗೆ ಕಟ್ಟಿದವರಿಗೆ ಒಂದು ಬಡ್ಡಿ, ದಾಟಿದವರಿಗೆ ಇನ್ನೊಂದು, ಸರ್ಕಾರದ ಸಹಾಯಧನ ಬೇರೆ. ಅದರಲ್ಲಿ ಮೊದಲ ವಾರವೇ ಎಡವಿದರೆ ಊರೆಲ್ಲ ಸುದ್ದಿ.

ಕಾಲ ಕೂಡ ನೋಡಿ. ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿ 1999ರಲ್ಲಿ ಮೂರು ದೊಡ್ಡ ಸಾಫ್ಟ್‌ವೇರ್‌ಗಳನ್ನು ಒಟ್ಟಿಗೆ ಶುರು ಮಾಡಿತು. ನಾಲ್ಕು ವರ್ಷ ಬೇಕಿದ್ದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿಕೊಂಡಿದ್ದರು. ಶುರುವಾದದ್ದು ಜುಲೈನಲ್ಲಿ, ಅಕ್ಟೋಬರ್ ಕೊನೆಗೆ ಬರುವ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳು ಆರ್ಡರ್ ಹಾಕುವ ಹೊತ್ತು. ಗೋದಾಮಿನಲ್ಲಿ ಮಾಲು ಇತ್ತು, ಆದರೂ 10 ಕೋಟಿ ಡಾಲರ್‌ನಷ್ಟು ಆರ್ಡರ್ ತಲುಪಿಸಲು ಆಗಲಿಲ್ಲ. ನಿಮ್ಮ ಹ್ಯಾಲೋವೀನ್ ಅಂದರೆ ಅಡಿಕೆ ದುಡ್ಡು ಬರುವ ತಿಂಗಳುಗಳು ಮತ್ತು ಮಾರ್ಚ್ ಕೊನೆ. ಆಗ ಮುಟ್ಟಲೇಬೇಡಿ. ಮಳೆಗಾಲದಲ್ಲಿ, ಕೌಂಟರ್ ಖಾಲಿ ಇರುವಾಗ ಮಾಡಿ.

ಈಗ ನಿಜವಾದ ಪ್ರಶ್ನೆ ಕೇಳುತ್ತೇನೆ, ನಿಜ ಹೇಳಿ. ಸದಸ್ಯರ ಖಾತೆಗಳ ಬಾಕಿ ಎಲ್ಲ ಕೂಡಿಸಿದರೆ ಸಾಮಾನ್ಯ ಖಾತೆಯ (ಜನರಲ್ ಲೆಡ್ಜರ್, ಅಂದರೆ ಸಂಘದ ಒಟ್ಟು ಲೆಕ್ಕ) ಮೊತ್ತಕ್ಕೆ ಸರಿಹೋಗುತ್ತಾ? ಇದನ್ನು ಯಾರೂ ಕೇಳಲ್ಲ. ಸಾಫ್ಟ್‌ವೇರ್ ಮಾತ್ರ ಮೊದಲ ದಿನವೇ ಕೇಳುತ್ತದೆ.

---

ಅಡಿಕೆಸೀಮೆ

ಇಬ್ಬರಿಗೂ ತುಂಬಾ ಧನ್ಯವಾದ. ಪೆನ್ಸಿಲ್ ಟಿಪ್ಪಣಿಯ ಸಲಹೆ ನೋಡಿ ಇವತ್ತೇ ಕೇಳಿದೆ. ಸದಸ್ಯರ ಪಟ್ಟಿಯಲ್ಲಿ "ಮನೆ ಗುರುತು" ಅಂತ ಒಂದು ಅಂಕಣ ಸೇರಿಸಬಹುದಂತೆ.

ಹುಬ್ಬಳ್ಳಿ ಸರ್ ಪ್ರಶ್ನೆಗೆ: ಠೇವಣಿ ಸರಿಹೋಗುತ್ತದೆ. ಹಳೆಯ ಸಾಲಗಳಲ್ಲಿ ಸರಿಹೋಗುವುದಿಲ್ಲ. ವ್ಯತ್ಯಾಸ ತುಂಬಾ ಹಳೆಯದು, ಈಗ ಇರುವ ಯಾರೂ ಆಗ ಇರಲಿಲ್ಲ. ಪ್ರತಿ ಆಡಿಟ್‌ನಲ್ಲೂ ಒಂದು ಸಾಲು ಬರೆಯುತ್ತಾರೆ, ಮುಂದಿನ ವರ್ಷಕ್ಕೆ ಹೋಗುತ್ತದೆ.

ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಇವತ್ತು ಚಹಾ ಕುಡಿಯುವಾಗ ಗುಮಾಸ್ತರನ್ನು ನೇರವಾಗಿ ಕೇಳಿದೆ, ಯಾಕೆ ಬೇಡ ಅನ್ನುತ್ತೀರಿ ಅಂತ. ಅವರು ಹೇಳಿದ್ದು ಇಷ್ಟೇ: "ಪುಸ್ತಕದಲ್ಲಿ ನಾನು ಬರೆದದ್ದಕ್ಕೆ ನಾನು ಜವಾಬ್ದಾರ, ನನ್ನ ಅಕ್ಷರ ನನಗೆ ಗೊತ್ತು. ನಾಳೆ ಕಂಪ್ಯೂಟರ್ ಕಮ್ಮಿ ತೋರಿಸಿದರೆ ಯಾರು ಕಟ್ಟೋದು? ನಿವೃತ್ತಿಗೆ ಹತ್ತಿರ ಇದ್ದೇನೆ, ಗ್ರಾಚ್ಯುಟಿ ತಡೆಹಿಡಿದರೆ ಏನು ಮಾಡಲಿ?" ಕ್ಯಾಷಿಯರ್ ಕೂಡ ಅಲ್ಲೇ ಇದ್ದರು, ಅವರೂ ತಲೆಯಾಡಿಸಿದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ಎಲ್ಲರಿಗೂ ಒಂದೇ ಲಾಗಿನ್. ಪಾಸ್‌ವರ್ಡ್ ಮಾನಿಟರ್ ಅಂಚಿನಲ್ಲಿ ಚೀಟಿ ಬರೆದು ಅಂಟಿಸಿದ್ದಾರೆ.

---

ಲೀಡ್ಸ್ ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿದ್ದೇನೆ, ಊರು ಸಾಗರದ ಕಡೆ. ನಿಮ್ಮ ಗುಮಾಸ್ತರ ಆ ಒಂದು ಪ್ರಶ್ನೆ ಓದಿ ಬರೆಯದೇ ಇರಲು ಆಗಲಿಲ್ಲ. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಅದು ಇಲ್ಲಿ ನಿಜವಾಗಿಯೇ ನಡೆದಿದೆ.

ಇಲ್ಲಿನ ಪೋಸ್ಟ್ ಆಫೀಸ್ 1999ರ ಹೊತ್ತಿಗೆ ಹೊರೈಜನ್ ಅನ್ನುವ ಲೆಕ್ಕದ ವ್ಯವಸ್ಥೆಯನ್ನು ಶಾಖೆಗಳಿಗೆ ತಂದಿತು. ನೋಡಿಕೊಳ್ಳುತ್ತಿದ್ದದ್ದು ಫುಜಿತ್ಸು ಕಂಪನಿ. ಇಲ್ಲಿನ ಸಣ್ಣ ಅಂಚೆ ಕಚೇರಿ ಅಂದರೆ ಹೆಚ್ಚಾಗಿ ಊರಿನ ಅಂಗಡಿಯಲ್ಲೇ ಒಂದು ಕೌಂಟರ್, ಅಂಗಡಿಯವರೇ ಸಬ್ ಪೋಸ್ಟ್‌ಮಾಸ್ಟರ್. ಸಂಜೆ ಲೆಕ್ಕ ಮಾಡಿದರೆ ಪರದೆ ಇಷ್ಟು ಪೌಂಡ್ ಕಮ್ಮಿ ಅನ್ನುತ್ತಿತ್ತು. ಕೈಯಲ್ಲಿರುವ ವೋಚರ್ ಎಲ್ಲ ಸರಿ ಇರುತ್ತಿತ್ತು. ಸಹಾಯವಾಣಿಗೆ ಫೋನ್ ಮಾಡಿದರೆ ನಿಮಗೊಬ್ಬರಿಗೇ ಈ ತೊಂದರೆ ಅಂದರು ಅಂತ ಎಷ್ಟೋ ಜನ ಹೇಳಿದ್ದಾರೆ. ಒಪ್ಪಂದದ ಪ್ರಕಾರ ಕಮ್ಮಿಯಾದದ್ದನ್ನು ಅವರೇ ತುಂಬಬೇಕು ಅಂತ ಪೋಸ್ಟ್ ಆಫೀಸ್ ಹಿಡಿದು ಕೂತಿತು. ಮನೆ ಅಡ ಇಟ್ಟವರಿದ್ದಾರೆ. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲಿಗೆ ಹೋದರು. ಅವರಲ್ಲಿ ಭಾರತ ಮೂಲದವರೂ ಇದ್ದರು. 2019ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು, ಅವು ಶಾಖೆಯ ಲೆಕ್ಕ ಕೆಡಿಸಬಹುದಿತ್ತು ಅಂತ ಹೇಳಿತು. 2024ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ನೂರಾರು ಜನರ ಶಿಕ್ಷೆಯನ್ನು ಒಟ್ಟಿಗೆ ರದ್ದು ಮಾಡಬೇಕಾಯಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಇದರಲ್ಲಿ ಎರಡು ವಿಷಯ ನಿಮಗೆ ನೇರವಾಗಿ ಬೇಕು.

ಮೊದಲನೆಯದು, ಆ ಶಾಖೆಗಳಲ್ಲಿ ತಕರಾರಿನ ಮೊತ್ತವನ್ನು ಇಡಲು ಒಂದು ಅನಾಮತು ಖಾತೆ ಇತ್ತು. 2005ರಲ್ಲಿ ಅದನ್ನು ತೆಗೆದರು. ಆಮೇಲೆ "ಈ ವ್ಯತ್ಯಾಸ ನಾನು ಒಪ್ಪಲ್ಲ, ವಿಚಾರಿಸಿ" ಅಂತ ಲೆಕ್ಕದ ಒಳಗೇ ಹೇಳುವ ಜಾಗ ಹೋಯಿತು. ಲೆಕ್ಕ ಮುಗಿಸಬೇಕಂದರೆ ಒಪ್ಪಿಕೊಳ್ಳಬೇಕು, ಒಪ್ಪಿಕೊಂಡರೆ ಸಾಲಗಾರ. ನಿಮ್ಮ ಸಂಘದಲ್ಲಿ ಅನಾಮತು ಖಾತೆ ಇದ್ದೇ ಇರುತ್ತದೆ, ಅದನ್ನು ಬಿಡಬೇಡಿ. ಆ ಹಳೆಯ ಸಾಲದ ವ್ಯತ್ಯಾಸವನ್ನು ಇಂತಿಷ್ಟು ರೂಪಾಯಿ, ಇಂಥ ದಿನಾಂಕಕ್ಕಿಂತ ಹಿಂದಿನದು, ಈಗಿನ ಸಿಬ್ಬಂದಿಗೆ ಸಂಬಂಧವಿಲ್ಲ ಅಂತ ಆಡಳಿತ ಮಂಡಳಿ ನಡಾವಳಿ ಪುಸ್ತಕದಲ್ಲಿ ಠರಾವು ಮಾಡಲಿ. ಲೆಕ್ಕ ಪರಿಶೋಧಕರ ಗಮನಕ್ಕೂ ತನ್ನಿ. ಗುಮಾಸ್ತರ ಕೈಗೆ ಆ ಠರಾವಿನ ಪ್ರತಿ ಕೊಡಿ. ಬಾಯಿ ಮಾತಿನ ಭರವಸೆ ಬೇಡ, ಪ್ರತಿ ಕೊಡಿ.

ಎರಡನೆಯದು, ಹೊರಗಿನಿಂದ ಯಾರೂ ಶಾಖೆಯ ಲೆಕ್ಕ ಮುಟ್ಟಲು ಆಗಲ್ಲ ಅಂತ ಇಲ್ಲಿ ವರ್ಷಗಟ್ಟಲೆ ಹೇಳಿದರು. ಆಮೇಲೆ ನೋಡಿದರೆ ಫುಜಿತ್ಸು ಸಿಬ್ಬಂದಿಗೆ ಅದು ಸಾಧ್ಯವಿತ್ತು. ಆದ್ದರಿಂದ ನಿಮಗೆ ಸಾಫ್ಟ್‌ವೇರ್ ಕೊಟ್ಟವರನ್ನು ಪತ್ರ ಬರೆದು ಕೇಳಿ: ನಮ್ಮ ಡೇಟಾವನ್ನು ನಿಮ್ಮಲ್ಲಿ ಯಾರು ಬದಲಿಸಬಹುದು, ಬದಲಿಸಿದರೆ ನಮಗೆ ಎಲ್ಲಿ ಕಾಣುತ್ತದೆ? ಉತ್ತರವೂ ಪತ್ರದಲ್ಲೇ ಬರಬೇಕು. ಆ ಚೀಟಿ ಇವತ್ತೇ ಕಿತ್ತು ಹಾಕಿ. ಒಬ್ಬೊಬ್ಬರಿಗೂ ಬೇರೆ ಲಾಗಿನ್. ನಿಗಾ ಇಡಲು ಅಂತ ಹೇಳಿದರೆ ಯಾರೂ ಒಪ್ಪಲ್ಲ. ಬೇರೆಯವರ ಎಂಟ್ರಿ ನಿಮ್ಮ ಮೇಲೆ ಬರದಿರಲಿ ಅಂತ ಹೇಳಿ, ಅದು ನಿಜವೂ ಹೌದು. "ನನ್ನ ಅಕ್ಷರ ನನಗೆ ಗೊತ್ತು" ಅಂದರಲ್ಲ, ಆ ಅಕ್ಷರದ ಜಾಗಕ್ಕೆ ಅವರಿಗೆ ಏನಾದರೂ ಕೊಡಬೇಕು.

---

ಪಾಠಪರದೆ ಮೈಸೂರು

ಮೇಲಿನವರು ಹೇಳಿದ ಠರಾವು ಆಗುವವರೆಗೆ ತರಬೇತಿಯಿಂದ ಏನೂ ಪ್ರಯೋಜನ ಇಲ್ಲ. ಅದಾದ ಮೇಲಿನ ಮಾತು ನನ್ನದು. ಕಚೇರಿಗಳಿಗೆ ಕಲಿಕೆಯ ವಿಡಿಯೊ ಮಾಡುವುದೇ ನನ್ನ ಕೆಲಸ.

ಪ್ರೊಜೆಕ್ಟರ್ ಹಾಕಿ ತೋರಿಸಿದ ಕೆಲಸ ಕೈಗೆ ಬರುವುದಿಲ್ಲ. ನೋಡುವಾಗ ಎಲ್ಲ ತಿಳಿದ ಹಾಗೆ ಇರುತ್ತದೆ, ಮೌಸ್ ಹಿಡಿದಾಗ ಎಲ್ಲಿ ಒತ್ತಬೇಕು ಅನ್ನುವುದೇ ಮರೆತಿರುತ್ತದೆ. ಎರಡು ನಿಮಿಷದ ತುಣುಕುಗಳು ಬೇಕು, ಕನ್ನಡದಲ್ಲಿ, ನಿಮ್ಮ ಕಚೇರಿಯ ಪರದೆಯದ್ದೇ, ಮಧ್ಯೆ ಮಧ್ಯೆ ನಿಂತು ಕೇಳುವಂಥದ್ದು. ಎಚ್‌5ಪಿ ಅಂತ ಒಂದು ಉಪಕರಣ ಇದೆ, ಓಪನ್ ಸೋರ್ಸ್, ಹಣ ಕೊಡಬೇಕಿಲ್ಲ. ಮೂಡಲ್ (ಆನ್‌ಲೈನ್ ಪಾಠದ ವ್ಯವಸ್ಥೆ) ಅಥವಾ ವರ್ಡ್‌ಪ್ರೆಸ್ (ಜಾಲತಾಣ ಮಾಡುವ ಸಾಫ್ಟ್‌ವೇರ್) ತಾಣದಲ್ಲಿ ಹಾಕಿಕೊಳ್ಳಬಹುದು. ಪರದೆಯನ್ನು ರೆಕಾರ್ಡ್ ಮಾಡಿ ಅದಕ್ಕೆ ಕೊಟ್ಟರೆ ವಿಡಿಯೊ ಮಧ್ಯೆ ಪ್ರಶ್ನೆ ಇಡಬಹುದು. ತಪ್ಪು ಉತ್ತರ ಕೊಟ್ಟರೆ ಆ ಜಾಗಕ್ಕೇ ವಾಪಸ್ ಹೋಗುವ ಹಾಗೆ ಮಾಡಬಹುದು.

ಒಂದು ಉದಾಹರಣೆ ಹೇಳುತ್ತೇನೆ. ಪಾಠದ ಹೆಸರು "ಇಬ್ಬರು ಗಣಪತಿ". ಪರದೆಯಲ್ಲಿ ಎರಡು ಹೆಸರು ಬಂದಿದೆ, ಕೌಂಟರಿನಲ್ಲಿ ಒಬ್ಬರು 5,000 ರೂಪಾಯಿ ಕಟ್ಟಲು ನಿಂತಿದ್ದಾರೆ. ವಿಡಿಯೊ ನಿಲ್ಲುತ್ತದೆ. ಯಾರನ್ನು ಒತ್ತುತ್ತೀರಿ? ಮನೆ ಗುರುತು ನೋಡದೆ ಒತ್ತಿದರೆ ಮುಂದಿನ ದೃಶ್ಯದಲ್ಲಿ ಹಣ ಬೇರೆಯವರ ಖಾತೆಗೆ ಹೋಗಿದೆ. ಅಲ್ಲಿಂದ ಅದನ್ನು ರದ್ದು ಮಾಡುವುದು ಹೇಗೆ ಅಂತ ಪಾಠ ಶುರುವಾಗುತ್ತದೆ. ಹಿರಿಯರಿಗೆ ಜಾಸ್ತಿ ಬೇಕಿರುವುದು ಈ ಎರಡನೇ ಭಾಗ. ತಪ್ಪು ಒತ್ತಿದರೆ ಏನಾಗುತ್ತದೆ, ಹೇಗೆ ವಾಪಸ್ ಬರುವುದು ಅಂತ ಯಾವ ತರಬೇತಿಯಲ್ಲೂ ಹೇಳುವುದಿಲ್ಲ. ಪುಸ್ತಕದಲ್ಲಾದರೆ ಒಂದು ಗೆರೆ ಎಳೆದು ಸಹಿ ಹಾಕುತ್ತಾರೆ, ಅಲ್ವಾ? ಇಲ್ಲಿ ಆ ಗೆರೆ ಎಲ್ಲಿದೆ ಅಂತ ತೋರಿಸಿ.

ಆ ಪಾಠದ ಧ್ವನಿ ನಿಮ್ಮ ಗುಮಾಸ್ತರದ್ದೇ ಆಗಿರಲಿ. ನೀವು ಮೌಸ್ ಹಿಡಿಯಿರಿ, ಅವರು ಮಾತಾಡಲಿ. ಲೆಕ್ಕ ಅವರಿಗೆ ಗೊತ್ತು, ಪರದೆ ನಿಮಗೆ ಗೊತ್ತು. ಅವರು ನಿವೃತ್ತರಾದ ಮೇಲೂ ಅದು ಉಳಿಯುತ್ತದೆ. ಮತ್ತೆ, ಅಭ್ಯಾಸಕ್ಕೆ ಸುಳ್ಳು ಡೇಟಾ ಇರುವ ಬೇರೆ ಪ್ರತಿ ಕೇಳಿ ಪಡೆಯಿರಿ. ಅಸಲಿ ಖಾತೆಯಲ್ಲಿ ಅಭ್ಯಾಸ ಮಾಡಿ ಅಂದರೆ ಯಾರಿಗೂ ಕೈ ಓಡುವುದಿಲ್ಲ.

ಟೈಪಿಂಗ್ ಬಗ್ಗೆ ಒಂದು ಮಾತು. ನಿಮ್ಮಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿ ಕಲಿತವರಿದ್ದರೆ ಅದೇ ಕೀಲಿ ವಿನ್ಯಾಸ ಯೂನಿಕೋಡ್‌ಗೂ ಇದೆ, ಹೊಸದಾಗಿ ಬೆರಳು ತಿದ್ದಬೇಕಿಲ್ಲ. ಹೆಸರುಗಳನ್ನು ಕನ್ನಡದಲ್ಲೂ ಹಾಕಿಸಿ. ಟಿ, ಎಚ್ ತಕರಾರು ಅಲ್ಲಿಗೆ ಮುಗಿಯುತ್ತದೆ.

ಇನ್ನೂ ಒಂದು. 1989ರಲ್ಲಿ ಫ್ರೆಡ್ ಡೇವಿಸ್ ಅನ್ನುವ ಸಂಶೋಧಕರು ಕಚೇರಿಯ ಜನ ಹೊಸ ಸಾಫ್ಟ್‌ವೇರ್ ಯಾವಾಗ ಒಪ್ಪುತ್ತಾರೆ ಅಂತ ಅಳೆದು ನೋಡಿದರು. ಸುಲಭ ಅನ್ನಿಸುವುದಕ್ಕಿಂತ ನನಗೆ ಉಪಯೋಗ ಇದೆ ಅನ್ನಿಸುವುದು ಜಾಸ್ತಿ ತೂಗಿತು. ನಿಮ್ಮ ಗುಮಾಸ್ತರಿಗೆ ವರ್ಷದಲ್ಲಿ ಅತಿ ಬೇಸರದ ಕೆಲಸ ಯಾವುದು? ಸುಸ್ತಿ ಸಾಲದ ಬಡ್ಡಿ ಲೆಕ್ಕವಾ, ಆಡಿಟ್‌ಗೆ ಕೊಡುವ ಪಟ್ಟಿಗಳಾ? ಮೊದಲು ಅದನ್ನು ಸಾಫ್ಟ್‌ವೇರಿನಲ್ಲಿ ಮಾಡಿ, ಪ್ರಿಂಟ್ ತೆಗೆದು ಅವರ ಕೈಗಿಡಿ. ಅವರು ಕೈಯಲ್ಲಿ ಹಾಕಿದ ಲೆಕ್ಕದ ಜೊತೆ ಹೋಲಿಸಿ ನೋಡಲಿ.

---

ತೋಟದ ಮನೆ

ನಾನು ಬೇರೆ ಒಂದು ಸೊಸೈಟಿಯ ಸದಸ್ಯ ಅಷ್ಟೇ, ಸಿಬ್ಬಂದಿ ಅಲ್ಲ. ನಮ್ಮಂಥವರನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಹೇಳಲು ಬರೆದೆ. ನಮಗೆ ಸಾಫ್ಟ್‌ವೇರ್ ಯಾವುದಾದರೇನು? ಕಟ್ಟಿದ ದುಡ್ಡಿಗೆ ತಕ್ಷಣ ಮುದ್ರಿತ ರಸೀದಿ ಬರಬೇಕು, ಫೋನಿಗೆ ಒಂದು ಮೆಸೇಜ್ ಬರಬೇಕು, ಅದರಲ್ಲಿ ಉಳಿದ ಬಾಕಿ ಇರಬೇಕು. ಬಡ್ಡಿ ಇಲ್ಲದ ಸಾಲದ ಗಡುವು ಯಾವತ್ತು ಅಂತ ಮೊದಲೇ ತಿಳಿಸಬೇಕು. ಒಂದು ದಿನ ತಡವಾದರೂ ಆ ರಿಯಾಯಿತಿ ಹೋಗುತ್ತದೆ, ಅದು ನಮಗೆ ಸಣ್ಣ ವಿಷಯ ಅಲ್ಲ.

ಸಂಜೆ ಎಂಟ್ರಿ ಮಾಡಿದರೆ ಮೆಸೇಜ್ ರಾತ್ರಿ ಬರುತ್ತದೆ. ರಾತ್ರಿ ಎಂಟು ಗಂಟೆಗೆ "ನಿಮ್ಮ ಖಾತೆಗೆ ಜಮಾ" ಅಂತ ಬಂದರೆ ಮನೆಯವರೆಲ್ಲ ಗಾಬರಿ, ಬೆಳಿಗ್ಗೆ ಕಟ್ಟಿದ್ದು ಆಮೇಲೆ ನೆನಪಾಗುತ್ತದೆ. ಕೌಂಟರಿನಲ್ಲೇ ಎಂಟ್ರಿ ಆಗಬೇಕು ಅಂತ ಸದಸ್ಯರು ಕೇಳುವ ಹಾಗೆ ಮಾಡಿ. ವಾರ್ಷಿಕ ಮಹಾಸಭೆಯಲ್ಲಿ ನಾವು ಎದ್ದು ಕೇಳಿದರೆ ನಿಮ್ಮ ಸಿಇಒ ಅವರೂ ಲೆಡ್ಜರ್ ಕೇಳುವುದನ್ನು ಬಿಡುತ್ತಾರೆ.

---

ಇಆರ್‌ಪಿ ಹುಬ್ಬಳ್ಳಿ

ಈ ಸದಸ್ಯರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಲೆಕ್ಕಕ್ಕೆ ತಗೊಂಡದ್ದು 63,000 ಸಂಘ, 2,516 ಕೋಟಿ ರೂಪಾಯಿ. ಅಂದರೆ ಇದು ಮೇಡಂ ಒಬ್ಬರ ಮೇಜಿನ ಸಮಸ್ಯೆ ಅಲ್ಲ, ದೇಶದ ತುಂಬ ಸಂಜೆ ನಾಲ್ಕೂವರೆ ಮೇಲೆ ಇಂಥವರು ಎಷ್ಟು ಜನ ಕೂತಿರಬಹುದು! ಯಂತ್ರಕ್ಕೆ, ಸಾಫ್ಟ್‌ವೇರಿಗೆ ದುಡ್ಡು ಹೇಗೋ ಬರುತ್ತದೆ. ಲೀಡ್ಸ್‌ನವರು ಹೇಳಿದ ಆ ಒಂದು ಪುಟದ ಠರಾವನ್ನು ಮಾತ್ರ ಒಳಗಿನವರೇ ಮಾಡಿಕೊಳ್ಳಬೇಕು.

---

ಅಡಿಕೆಸೀಮೆ

ಎಲ್ಲರ ಉತ್ತರವನ್ನೂ ಪ್ರಿಂಟ್ ತೆಗೆದು ಗುಮಾಸ್ತರಿಗೆ ಕೊಟ್ಟೆ. ಇಂಗ್ಲೆಂಡಿನ ಪೋಸ್ಟ್ ಆಫೀಸ್ ಭಾಗವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಕ್ಯಾಷಿಯರ್‌ಗೂ ಓದಲು ಕೊಟ್ಟರು. ಆಮೇಲೆ ಹಳೆಯ ಸಾಲದ ವ್ಯತ್ಯಾಸದ ಪಟ್ಟಿ ನಾನೇ ತಯಾರು ಮಾಡಿಕೊಡುತ್ತೇನೆ, ಠರಾವಿಗೆ ಅದು ಬೇಕಾಗುತ್ತದೆ ಅಂದರು. ಮುಂದಿನ ಮಂಡಳಿ ಸಭೆಗೆ ಮೂರು ವಿಷಯ ಇಡುತ್ತಿದ್ದೇವೆ: ಠರಾವು, ಬೇರೆ ಬೇರೆ ಲಾಗಿನ್, ಕೌಂಟರಿಗೆ ಎರಡನೇ ಪರದೆ. ಪಿಗ್ಮಿ ಮೊದಲು ಶುರು ಮಾಡುತ್ತೇವೆ, ಬೆಳೆಸಾಲ ಮುಂದಿನ ಮಳೆಗಾಲಕ್ಕೆ.

ಒಂದು ಅನುಮಾನ ಉಳಿದಿದೆ. ಇಷ್ಟು ದಿನ ಒಂದೇ ಲಾಗಿನ್‌ನಲ್ಲಿ ನಾನು ಹೊಡೆದ ಎಂಟ್ರಿಗಳಿಗೆ ಯಾರು ಜವಾಬ್ದಾರರಾಗುತ್ತಾರೆ? ಅವು ಯಾರ ಹೆಸರಿನಲ್ಲೂ ಇಲ್ಲ.

---

ಲೀಡ್ಸ್ ಕನ್ನಡಿಗ

ಅದಕ್ಕೂ ಈಗಲೇ ದಾಖಲೆ ಮಾಡಿಕೊಳ್ಳಿ. ಹೊಸ ಲಾಗಿನ್ ಶುರುವಾಗುವ ಹಿಂದಿನ ದಿನ ಎಲ್ಲ ಖಾತೆಗಳ ಶಿಲ್ಕು ಪ್ರಿಂಟ್ ತೆಗೆದು ಲೆಡ್ಜರ್ ಜೊತೆ ತಾಳೆ ನೋಡಿ. ಆ ಪ್ರಿಂಟಿಗೆ ನೀವು, ಗುಮಾಸ್ತರು, ಸಿಇಒ ಮೂವರೂ ಸಹಿ ಹಾಕಿ. ಇಲ್ಲಿಯವರೆಗಿನ ಎಂಟ್ರಿಗಳು ವೋಚರ್ ಪ್ರಕಾರ ಸಂಘದ ಪರವಾಗಿ ಮಾಡಿದ್ದು ಅಂತ ಅದೇ ಠರಾವಿನಲ್ಲಿ ಇನ್ನೊಂದು ಸಾಲು ಸೇರಿಸಿ. ಒಂದು ಪ್ರತಿ ನಿಮ್ಮ ಮನೆಯಲ್ಲಿಡಿ.